ಸಂಶೋಧನೆಯ ಕಣಜ

ಹೋದ ಭಾನುವಾರ ಬೆಳಿಗ್ಗೆ ವರಾಂಡದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಮನೆಯ ಸಂಪುಟದಲ್ಲಿ ನನಗೆ ಸಿಕ್ಕಿರುವ ಖಾತೆ ಇದು. ತೀರಾ ಕೆಳಗಿನ ಖಾತೆ ನಿಜ, ಆದರೂ ಖಾತೆ ಇಲ್ಲದ ಮಂತ್ರಿಯಾಗಿರುವುದಕ್ಕಿಂತ ಮೇಲು ಅಂದುಕೊಂಡು ಸುಮ್ಮನಿದ್ದೇನೆ. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿ ಗೇಟು ತೆಗೆದುಕೊಂಡು ಬಂದಳು. ಬಿ.ಎಸ್ಸಿ. ಎರಡನೇ ವರ್ಷ. ಸಾಮಾನ್ಯವಾಗಿ ಅವಳು ನಮ್ಮ ಮನೆಗೆ ಬರುವುದು ಕರಿಬೇವಿಗೆ. ಅವತ್ತು ಮಾತ್ರ ಗಿಡದ ಕಡೆ ತಿರುಗಿಯೂ ನೋಡದೆ ಸೀದಾ ನನ್ನ ಮುಂದೆ ಬಂದು ನಿಂತಳು.

“ಅಂಕಲ್, ನೀವು ಡಿಗ್ರಿ ಓದುವಾಗಲೇ ರಿಸರ್ಚ್ ಮಾಡಿದ್ರಂತೆ?”

ಕೈಯಲ್ಲಿದ್ದ ನಾರು ಕೈಯಲ್ಲೇ ಉಳಿಯಿತು. ಈ ವದಂತಿಯ ಮೂಲ ನನ್ನ ಹೆಂಡತಿ ಎಂಬುದರಲ್ಲಿ ಅನುಮಾನವಿಲ್ಲ. ಗಂಡನ ಬಗ್ಗೆ ಹೇಳಿಕೊಳ್ಳುವುದಕ್ಕೆ ಅವಳ ಹತ್ತಿರ ಇರುವ ಸರಕೇ ಕಡಿಮೆ. ಇರುವ ಒಂದೆರಡನ್ನು, ದಿಢೀರನೆ ನೆಂಟರು ಬಂದಾಗ ಸಾರಿಗೆ ನೀರು ಬೆರೆಸಿದ ಹಾಗೆ, ಹೆಚ್ಚು ಮಾಡಿ ಬಡಿಸುತ್ತಾಳೆ. ಬರುಬರುತ್ತಾ ಬೀದಿಯ ಕೊನೆಯ ಮನೆ ತಲುಪುವ ಹೊತ್ತಿಗೆ ನಾನು ವಿಜ್ಞಾನಿಯೇ ಆಗಿಬಿಟ್ಟಿರುತ್ತೇನೆ.

“ಏನೋ ಸ್ವಲ್ಪ,” ಅಂದೆ. ಸುಳ್ಳಲ್ಲ. ಎಷ್ಟು ಸ್ವಲ್ಪ ಎಂದು ಅವಳು ಕೇಳಲಿಲ್ಲ.

ವಿಷಯ ಇಷ್ಟು. ಬೇಸಿಗೆ ರಜೆಯಲ್ಲಿ ಯಾವುದಾದರೂ ಪ್ರಯೋಗಾಲಯಕ್ಕೆ ಹೋಗಿ ಕೆಲಸ ಕಲಿಯಬೇಕೆಂದು ಅವಳಿಗೆ ಆಸೆ. ಅದಕ್ಕೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ‘ನನಗೇಕೆ ಸಂಶೋಧನೆ ಇಷ್ಟ’ ಎಂದು ಒಂದು ಪುಟ ಬರೆಯಬೇಕು. “ಇದುವರೆಗೂ ಮಾಡೇ ಇಲ್ಲದ್ದು ಯಾಕಿಷ್ಟ ಅಂತ ಹೆಂಗ್ ಬರೀಲಿ ಅಂಕಲ್?” ಅಂದಳು. ಹುಡುಗಿ ಬುದ್ಧಿವಂತೆ. ನಮ್ಮ ಕಾಲದಲ್ಲಿ ಹೆಣ್ಣು ನೋಡಲು ಹೋದ ವರನಿಗೂ ಇದೇ ಸಮಸ್ಯೆ ಇರುತ್ತಿತ್ತು. ಹತ್ತು ನಿಮಿಷ ಉಪ್ಪಿಟ್ಟು ತಿಂದು ಇಷ್ಟವೋ ಇಲ್ಲವೋ ಹೇಳಬೇಕಿತ್ತು.

ಈಗಿನ ಮಕ್ಕಳಿಗೆ ದಾರಿಗಳೇನೋ ಬೇಕಾದಷ್ಟಿವೆ. ರಾಮನ್ 1934ರಲ್ಲಿ ಕಟ್ಟಿದ ಬೆಂಗಳೂರಿನ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆಯಲ್ಲಿ ಎರಡು ತಿಂಗಳು ವಿದ್ಯಾರ್ಥಿಗಳನ್ನು ವಿಜ್ಞಾನಿಗಳ ಹತ್ತಿರ ಕಳಿಸುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದವರು ಬಿ.ಎಸ್ಸಿ. ಮಕ್ಕಳನ್ನು ಆರಿಸಿಕೊಂಡು ಮೂರು ಬೇಸಿಗೆ ಕರೆಸಿ, ಪ್ರಾಜೆಕ್ಟ್ ಮಾಡಿಸಿ ಕಲಿಸುತ್ತಾರೆ. ನಾವು ಬಸ್ಸಿನ ಕಿಟಕಿಯಿಂದಲೇ ಕೈಮುಗಿಯುತ್ತಿದ್ದ ಟಾಟಾ ಇನ್‌ಸ್ಟಿಟ್ಯೂಟ್ 2011ರಿಂದ ಪಿಯುಸಿ ಮುಗಿಸಿದವರನ್ನೇ ಒಳಗೆ ಕರೆದು ನಾಲ್ಕು ವರ್ಷದ ಪದವಿ ಕೊಡುತ್ತಿದೆ. ನಮ್ಮ ರಾಜ್ಯವೂ 2021ರಲ್ಲಿ, ದೇಶದಲ್ಲೇ ಎಲ್ಲರಿಗಿಂತ ಮೊದಲು, ಡಿಗ್ರಿಯನ್ನು ನಾಲ್ಕು ವರ್ಷಕ್ಕೆ ಹಿಗ್ಗಿಸಿ ಕೊನೆಯ ವರ್ಷ ಸಂಶೋಧನೆಗೂ ಜಾಗ ಮಾಡಿಕೊಟ್ಟಿತು. 2024ರಲ್ಲಿ ಅದನ್ನು ಮತ್ತೆ ಮೂರಕ್ಕೆ ಕುಗ್ಗಿಸಿತು. ಒಗೆದ ಮೇಲೆ ಹೊಸ ಪಂಚೆ ಕುಗ್ಗುವುದಿಲ್ಲವೇ, ಹಾಗೆ.

ನಮ್ಮ ಕಾಲದಲ್ಲಿ, ಅಂದರೆ ಎಂಬತ್ತರ ದಶಕದ ಕೊನೆಯಲ್ಲಿ, ಊರ ಕಾಲೇಜಿನಲ್ಲಿ ಬಿ.ಎಸ್ಸಿ. ಎಂದರೆ ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳ ಸಾಲು. ನಮ್ಮದು ಸಿಬಿಝಡ್ ಕಾಂಬಿನೇಷನ್ನು: ಕೆಮಿಸ್ಟ್ರಿ, ಬಾಟನಿ, ಜುವಾಲಜಿ. ಸಾಲ್ಟ್ ಅನಾಲಿಸಿಸ್ ಪರೀಕ್ಷೆಯಲ್ಲಿ ನಮ್ಮ ಮುಂದಿಟ್ಟ ಬಿಳಿ ಪುಡಿ ಯಾವುದೆಂದು ಅಟೆಂಡರ್‌ಗೆ ಗೊತ್ತಿರುತ್ತಿತ್ತು. ಅವರು ಒಮ್ಮೆ ಕೆಮ್ಮಿದರೆ ನೈಟ್ರೇಟು, ಮೂಗು ಒರೆಸಿಕೊಂಡರೆ ಕ್ಲೋರೈಡು. ಒಂದು ವರ್ಷ ಅವರಿಗೆ ನಿಜವಾಗಿಯೇ ನೆಗಡಿಯಾಗಿ ಇಡೀ ಬ್ಯಾಚು ದಿಕ್ಕು ತಪ್ಪಿತು. ಟೈಟ್ರೇಷನ್ನಿನಲ್ಲಿ ಮೂರು ಸಲ ಒಂದೇ ಅಂಕಿ ಬರಬೇಕು. ನನಗೆ ಯಾವತ್ತೂ ಬರುತ್ತಿತ್ತು: 8.4, 8.4, 8.4. ಮೂರನೆಯ ಸಲ ಬ್ಯುರೆಟ್ಟನ್ನು ಮುಟ್ಟಿಯೇ ಇರುತ್ತಿರಲಿಲ್ಲ. ಇದನ್ನು ಮೋಸವೆಂದು ಯಾರೂ ಅಂದುಕೊಂಡಿರಲಿಲ್ಲ, ಕೈಚಳಕ ಎನ್ನುತ್ತಿದ್ದೆವು. ಈ ಕೈಚಳಕದ ವಿಚಾರ ಮುಂದೆ ಬರುತ್ತದೆ, ನೆನಪಿರಲಿ.

ಜುವಾಲಜಿಗೆ ಒಬ್ಬ ಮೇಷ್ಟ್ರಿದ್ದರು. ಸಣ್ಣಗೆ, ಬೆಳ್ಳಗೆ, ಇಸ್ತ್ರಿ ಇಲ್ಲದ ಅಂಗಿ. ದೂರದೂರದ ಊರುಗಳಿಗೆ 15 ಪೈಸೆಯ ಕಾರ್ಡು ಬರೆಯುವುದು ಅವರ ಹವ್ಯಾಸ. ಆಗ ವಿಜ್ಞಾನದ ಲೋಕದಲ್ಲಿ ಒಂದು ಒಳ್ಳೆಯ ರಿವಾಜಿತ್ತು. ಲೇಖನದ ಪ್ರತಿ ಬೇಕೆಂದು ಬರೆದವರಿಗೆ ಕಾರ್ಡು ಹಾಕಿದರೆ ಅವರೇ ಲಕೋಟೆಯಲ್ಲಿಟ್ಟು ಪುಕ್ಕಟೆ ಕಳಿಸುತ್ತಿದ್ದರು. ನಮ್ಮಪ್ಪ ನೆಂಟರಿಗೆ ಬರೆದ ಕಾಗದಗಳಿಗೆ ಇಷ್ಟು ಶ್ರದ್ಧೆಯಿಂದ ಉತ್ತರ ಬಂದದ್ದು ನಾನು ಕಾಣೆ.

ಒಂದು ದಿನ ಮೇಷ್ಟ್ರು ನನ್ನನ್ನು ಲ್ಯಾಬಿನ ಹಿಂದಿನ ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ಸರಳಿಗೆ ಅಂಟಿಕೊಂಡು, ಬೂದು ಕಾಗದದಲ್ಲಿ ಮಾಡಿದ ಪುಟ್ಟ ಜೇನುತಟ್ಟಿಯಂಥದ್ದೊಂದು ಗೂಡು. ಅದರ ಮೇಲೆ ಇಪ್ಪತ್ತು ಚಿಲ್ಲರೆ ಕಣಜಗಳು.

“ಇದ್ರಲ್ಲಿ ರಾಣಿ ಯಾರು ಹೇಳಯ್ಯ,” ಅಂದರು.

“ಗೊತ್ತಿಲ್ಲ ಸಾರ್.”

“ನಂಗೂ ಗೊತ್ತಿಲ್ಲ. ನೋಡೋಣವಾ?”

ಮೇಷ್ಟ್ರು ಎಂಬ ಪ್ರಾಣಿ ‘ನಂಗೂ ಗೊತ್ತಿಲ್ಲ’ ಎನ್ನಬಹುದು ಎಂದು ನನಗೆ ತಿಳಿದದ್ದು ಅವತ್ತು. ಅವರು ದಡ್ಡರಿರಬೇಕೆಂದು ಒಂದು ವಾರ ಅನುಮಾನವೂ ಇತ್ತು.

ಕಣಜ ಎಂದಾಗ ಒಂದು ಮಾತು. ನಮ್ಮ ಭಾಷೆಯಲ್ಲಿ ಭತ್ತ ತುಂಬಿಡುವುದೂ ಕಣಜ, ಕಚ್ಚುವುದೂ ಕಣಜ. ಹಾಗಾಗಿ ಮನೆಯಲ್ಲಿ “ಕಣಜ ನೋಡಕ್ಕೆ ಹೋಗ್ತಿದೀನಿ” ಎಂದಾಗ ನಮ್ಮಜ್ಜಿ, ಮೊಮ್ಮಗನಿಗೆ ಕೊನೆಗೂ ಜಮೀನಿನ ಮೇಲೆ ಮನಸ್ಸು ಬಂತಲ್ಲ ಎಂದು ಸಂತೋಷಪಟ್ಟರು. ಸತ್ಯ ತಿಳಿದ ಮೇಲೆ ಭ್ರಮರ–ಕೀಟ ನ್ಯಾಯ ಹೇಳಿದರು. ಭ್ರಮರ ಒಂದು ಹುಳುವನ್ನು ತಂದು ಮಣ್ಣಿನ ಗೂಡಿನಲ್ಲಿಟ್ಟು ಝೇಂಕರಿಸುತ್ತದೆ. ಹುಳು ಅದನ್ನೇ ಧ್ಯಾನಿಸಿ ಧ್ಯಾನಿಸಿ ತಾನೂ ಭ್ರಮರವಾಗಿ ಹೊರಗೆ ಬರುತ್ತದೆ. ಗುರುವನ್ನು ಧ್ಯಾನಿಸುವ ಶಿಷ್ಯ ಗುರುವೇ ಆಗುವ ಹಾಗೆ. ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ನಕ್ಕು, ನೋಡಿದ್ದು ಸರಿಯಾಗಿಯೇ ಇದೆ, ಹುಳು ಒಳಗೆ ಹೋಗಿದೆ, ಕಣಜ ಹೊರಗೆ ಬಂದಿದೆ, ನಡುವೆ ಗೂಡು ಒಡೆದು ನೋಡುವುದೊಂದು ಬಾಕಿಯಾಗಿದೆ ಅಂದರು. ಒಡೆದು ನೋಡಿದರೆ ಕತೆ ಬೇರೆ. ತಾಯಿ ಕಣಜ ಹುಳುವನ್ನು ಚುಚ್ಚಿ, ಅಲ್ಲಾಡದಂತೆ ಮಾಡಿ, ಜೊತೆಗೆ ತನ್ನ ಮೊಟ್ಟೆ ಇಟ್ಟು ಬಾಯಿ ಮುಚ್ಚುತ್ತದೆ. ಮರಿ ಆ ಹುಳುವನ್ನು ತಿಂದು ಬೆಳೆದು ಹೊರಗೆ ಬರುತ್ತದೆ. ಗುರುಶಿಷ್ಯ ಸಂಬಂಧಕ್ಕೆ ಈ ಎರಡನೆಯ ರೂಪವೇ ಹೆಚ್ಚು ಹೊಂದುತ್ತದೆ ಎಂದು, ಆರೇಳು ವರ್ಷ ಗೈಡಿನ ಕೈಯಲ್ಲಿ ಸಿಕ್ಕಿಕೊಂಡಿದ್ದ ನನ್ನ ಸ್ನೇಹಿತನೊಬ್ಬ ಈಗಲೂ ವಾದಿಸುತ್ತಾನೆ.

ನಮ್ಮ ಕಿಟಕಿಯವು ಮಣ್ಣಿನ ಗೂಡಿನ ಜಾತಿಯಲ್ಲ. ನಾರು ಅಗಿದು, ಎಂಜಲು ಕಲಸಿ ಕಾಗದ ಮಾಡುವ ಜಾತಿ, ಹೆಸರು ರೊಪಾಲಿಡಿಯಾ ಮಾರ್ಜಿನೇಟಾ. ಈ ಹೆಸರನ್ನು ಜಗತ್ತಿಗೆ ಚೆನ್ನಾಗಿ ಪರಿಚಯಿಸಿದವರು ರಾಘವೇಂದ್ರ ಗದಗ್ಕರ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಅಲ್ಲಿನ ಕಿಟಕಿಗಳಲ್ಲಿ ಈ ಗೂಡುಗಳನ್ನು ಕಂಡವರು. ಆಮೇಲೆ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಮಾಲಿಕ್ಯುಲರ್ ಬಯಾಲಜಿಯಲ್ಲಿ ಪಿಎಚ್.ಡಿ. ಮಾಡುವಾಗಲೂ ಬಿಡುವಿನಲ್ಲಿ ಕಣಜ ನೋಡುತ್ತಿದ್ದರು, ಕೊನೆಗೆ ಅದನ್ನೇ ಜೀವನದ ಕೆಲಸ ಮಾಡಿಕೊಂಡರು. ಅದರ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕವನ್ನು ಹಾರ್ವರ್ಡ್‌ನವರು 2001ರಲ್ಲಿ ಪ್ರಕಟಿಸಿದರು. ಅವರಿಗೂ ಕಿಟಕಿ, ನನಗೂ ಕಿಟಕಿ. ಹೋಲಿಕೆ ಇಲ್ಲಿಗೆ ಮುಗಿಯಿತು.

ಮೊದಲ ಕೆಲಸ, ಪ್ರತಿ ಕಣಜಕ್ಕೂ ಬಣ್ಣದ ಗುರುತು ಹಾಕುವುದು. ಯಾರು ಯಾರೆಂದು ಗೊತ್ತಾಗದಿದ್ದರೆ ಯಾರೇನು ಮಾಡಿದರೆಂದು ಬರೆಯುವುದು ಹೇಗೆ? ಬೇಗ ಒಣಗುವ ಬಣ್ಣ ಬೇಕಿತ್ತು. ಕೆಂಪು, ಅಕ್ಕನ ನೈಲ್ ಪಾಲಿಶ್. ನೀಲಿ, ಸೈಕಲ್ ಶಾಪಿನದು. ಹಳದಿ, ಬೋರ್ಡು ಬರೆಯುವವನ ಡಬ್ಬದ ತಳದ್ದು. ಬೆಂಕಿಕಡ್ಡಿಯ ತುದಿಗೆ ಬಣ್ಣ ಅದ್ದಿ, ಉಸಿರು ಬಿಗಿಹಿಡಿದು, ಬೆನ್ನಿಗೊಂದು ಚುಕ್ಕೆ. ಮೇಷ್ಟ್ರು ಹನ್ನೊಂದು ಕಣಜಗಳಿಗೆ ನಾಮಕರಣ ಮಾಡಿದರು, ಒಂದೂ ಕದಲಲಿಲ್ಲ. ನಾನು ಮೊದಲನೆಯದಕ್ಕೆ ಕೈ ಚಾಚಿದೆ. ಎಡಗಣ್ಣಿನ ರೆಪ್ಪೆಗೆ ಒಂದು, ಮೂಗಿನ ತುದಿಗೆ ಒಂದು.

ಅಮ್ಮ ಸುಣ್ಣ ಹಚ್ಚಿದಳು. ಮರುದಿನ ಕೆಂಪು ಮೂಗು, ಬಿಳಿ ಸುಣ್ಣ, ಮುಚ್ಚಿದ ಕಣ್ಣು ಹೊತ್ತು ಕಾಲೇಜಿಗೆ ಹೋದರೆ, ಬಣ್ಣ ಅಳಿಸದೆ ಚೌಕಿಯಿಂದ ಹೊರಬಿದ್ದ ವೇಷಧಾರಿಯನ್ನು ನೋಡಿದ ಹಾಗೆ ಎಲ್ಲರೂ ನೋಡಿದರು. ಅಕ್ಕನಿಗೆ ನನ್ನ ಕಣ್ಣಿಗಿಂತ ನೈಲ್ ಪಾಲಿಶ್‌ನ ಚಿಂತೆ. “ಹುಳಕ್ಕೆ ಹಚ್ಚಿದ್ದನ್ನ ನಾನು ಹಚ್ಕೋಬೇಕಾ?” ಎಂದು ವಾರಗಟ್ಟಲೆ ಮಾತು ಬಿಟ್ಟಳು. ಸಂಜೆ ಅಪ್ಪ ವಿಚಾರಣೆ ನಡೆಸಿದರು.

“ಇದಕ್ಕೆ ಎಷ್ಟು ಮಾರ್ಕ್ಸು?”

“ಮಾರ್ಕ್ಸ್ ಇಲ್ಲಪ್ಪ.”

“ಸರ್ಟಿಫಿಕೇಟು?”

“ಇಲ್ಲ.”

“ಹೋಗಲಿ, ಕಾಫಿ ತಿಂಡಿ?”

“ಮೇಷ್ಟ್ರು ಒಂದೊಂದ್ಸಲ ಬಾಳೆಹಣ್ಣು ಕೊಡ್ತಾರೆ.”

ಅಪ್ಪ ಪೇಪರು ಎತ್ತಿಕೊಂಡರು. ಸಂಶೋಧನೆಗೆ ಹಣ ಕೊಡುವವರು ಮುಂದೆ ಎಷ್ಟೋ ಜನರಿಗೆ ಕೇಳುವ ಪ್ರಶ್ನೆಗಳೆಲ್ಲ ಈ ಮೂರರಲ್ಲೇ ಅಡಗಿದ್ದವು ಎಂದು ನನಗೆ ಆಗ ತಿಳಿದಿರಲಿಲ್ಲ.

ಹಳದಿ ಮತ್ತು ಕೆಂಪು ಎರಡೂ ಚುಕ್ಕೆ ಬಿದ್ದಿದ್ದ ಒಂದು ಕಣಜಕ್ಕೆ ‘ರಾಜ್ಯೋತ್ಸವ’ ಎಂದು ಹೆಸರಿಟ್ಟೆ. ಕಟ್ಟಾಳು ದುಡಿಮೆಗಾತಿ. ಬೆಳಗಾದರೆ ಹೊರಡುವಳು, ಹುಳುವಿನ ಮಾಂಸ ತರುವಳು, ಬಾಗಿಲಲ್ಲೇ ಬೇರೆಯವರು ಕಿತ್ತುಕೊಳ್ಳುವರು, ಮತ್ತೆ ಹೊರಡುವಳು. ಹತ್ತು ನಿಮಿಷಕ್ಕೊಮ್ಮೆ ಗೂಡಿನ ಮೇಲೆ ಕಣ್ಣಾಡಿಸಿ ಯಾರು ಏನು ಮಾಡುತ್ತಿದ್ದಾರೆಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಬರೆಯುವುದು ನನ್ನ ಕೆಲಸ. ಗದಗ್ಕರ್ ಮತ್ತು ಜೋಶಿ 1983ರ ಲೇಖನವೊಂದರಲ್ಲಿ ಈ ಕಣಜಗಳನ್ನು ನಡವಳಿಕೆಯ ಮೇಲೆ ಮೂರು ಗುಂಪು ಮಾಡಿದ್ದರು: ಕೂರುವವರು, ಜಗಳವಾಡುವವರು, ಹೊರಗೆ ಹೋಗಿ ದುಡಿಯುವವರು. ರಾಣಿ ಯಾವ ಗುಂಪು? ಕೂರುವ ಗುಂಪು. ಗದರುವುದಿಲ್ಲ, ಅಟ್ಟಿಸಿಕೊಂಡು ಹೋಗುವುದಿಲ್ಲ. ಮೈಕಟ್ಟಿನಲ್ಲೂ ಉಳಿದವರಿಗಿಂತ ಬೇರೆಯಾಗಿ ಕಾಣುವುದಿಲ್ಲ. ಸುಮ್ಮನೆ ಕೂತಿರುತ್ತಾಳೆ, ಮೊಟ್ಟೆ ಮಾತ್ರ ಅವಳೊಬ್ಬಳೇ ಇಡುತ್ತಾಳೆ.

ಇದನ್ನು ಓದಿದ ಮೇಲೆ ಮನೆಗೆ ಬಂದು ನೋಡಿದರೆ ಎಲ್ಲ ನಿಚ್ಚಳವಾಗಿ ಕಂಡಿತು. ನಡುಮನೆಯ ಕಂಬಕ್ಕೆ ಒರಗಿ ಕೂತ ಅಜ್ಜಿ. ಕಾರಣವಿಲ್ಲದೆ ಎಲ್ಲರ ಮೇಲೂ ಹರಿಹಾಯುವ ನಮ್ಮ ಸೋದರತ್ತೆ. ನೀರು, ಸೌದೆ, ರೇಷನ್ನು ಎಂದು ಒಳಗೂ ಹೊರಗೂ ಓಡಾಡುವ ಅಮ್ಮ. ಇದೇ ಕಣಜದ ಹತ್ತಿರದ ಬಂಧು ಇನ್ನೊಂದು ಜಾತಿಯಲ್ಲಿ ರಾಣಿಯೇ ಜಗಳಗಂಟಿಯಂತೆ. ಅದಕ್ಕೂ ಉದಾಹರಣೆ ಎದುರುಮನೆಯಲ್ಲಿತ್ತು. ನಮ್ಮ ಜಾತಿಯಲ್ಲಿ ರಾಣಿ ಇಲ್ಲವಾದರೆ, ಕೆಲವೇ ನಿಮಿಷಗಳಲ್ಲಿ ಅದುವರೆಗೂ ಎಲ್ಲರಂತಿದ್ದ ಒಬ್ಬಳು ರೌದ್ರಾವತಾರ ತಾಳಿ ಸಿಕ್ಕಸಿಕ್ಕವರನ್ನು ಕುಕ್ಕುತ್ತಾಳೆ, ಮೇಲೆ ಹತ್ತಿ ಕೂರುತ್ತಾಳೆ. ಕೆಲವು ದಿನಗಳಲ್ಲಿ ತಾನೇ ಮೊಟ್ಟೆ ಇಡತೊಡಗಿ ಮೆತ್ತಗಾಗಿ ಅವಳೂ ಕೂರುವವಳಾಗುತ್ತಾಳೆ. ಅಜ್ಜಿ ಹೋದ ಮೇಲೆ ಬೀಗದ ಕೈ ಗೊಂಚಲಿನ ಸುತ್ತ ನಮ್ಮ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಅತ್ತೆಯ ಮಕ್ಕಳು ಪತ್ರಿಕೆ ಓದುತ್ತಾರೆ.

ಆ ದಿನಗಳಲ್ಲಿ ನನ್ನ ತಲೆ ಭೂಮಿಯ ಮೇಲಿರಲಿಲ್ಲ. ತೇಜಸ್ವಿಯವರ ‘ಕರ್ವಾಲೊ’ ಓದಿ ಮುಗಿಸಿದ್ದೆ. ಮೇಷ್ಟ್ರೇ ಕರ್ವಾಲೊ ಎಂದಾದರೆ ನಾನು ಮಂದಣ್ಣನೇ ಇರಬೇಕೆಂದು ತೀರ್ಮಾನಿಸಿದ್ದೆ. ಈಗ ಯೋಚಿಸಿದರೆ ಆ ಪಾತ್ರವರ್ಗದಲ್ಲಿ ನನಗೆ ಒಪ್ಪುತ್ತಿದ್ದದ್ದು ಕಿವಿ ಎಂಬ ನಾಯಿಯ ಪಾತ್ರ. ಸಾಲದ್ದಕ್ಕೆ ಮೇಷ್ಟ್ರು ರಾಮನ್ ಕತೆ ಬೇರೆ ಹೇಳಿದ್ದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಾಮನ್ ಇನ್ನೂ ವಿದ್ಯಾರ್ಥಿ. ಎಲ್ಲ ಹುಡುಗರೂ ಮಾಡುವ ಹಾಗೆ ಸ್ಪೆಕ್ಟ್ರೋಮೀಟರಿನಲ್ಲಿ ಪಟ್ಟಕದ ಕೋನ ಅಳೆಯುತ್ತಿದ್ದರು. ಪಟ್ಟಕದ ಮುಖದಿಂದ ತೀರಾ ಓರೆಯಾಗಿ ಪ್ರತಿಫಲಿಸಿದ ಬೆಳಕಿನಲ್ಲಿ ಎರಡು ಕಡೆಯೂ ಒಂದೇ ಸಮ ಇರದ ಪಟ್ಟಿಗಳು ಕಂಡವು. ಬೇರೆ ಯಾರಾದರೂ ಆಗಿದ್ದರೆ ಕನ್ನಡಕ ಒರೆಸಿಕೊಂಡು ಕೋನ ಬರೆದು ಮನೆಗೆ ಹೋಗುತ್ತಿದ್ದರು. ರಾಮನ್ ಆ ಪಟ್ಟಿಗಳ ಬೆನ್ನು ಹತ್ತಿದರು. 1906ರಲ್ಲಿ ಅದರ ಬಗ್ಗೆ ಬರೆದದ್ದು ಲಂಡನ್ನಿನ ‘ಫಿಲಸಾಫಿಕಲ್ ಮ್ಯಾಗಝೀನ್’ನಲ್ಲಿ ಅಚ್ಚಾಯಿತು. ವಯಸ್ಸು 18. ನನಗೂ ಆಗ ಹದಿನೆಂಟು ದಾಟಿ ಆರು ತಿಂಗಳು. ಆಗಲೇ ತಡವಾಯಿತೇನೋ ಎಂಬ ಆತಂಕ.

ಈ ಆತಂಕದ ನಡುವೆ ಯುಗಾದಿ ಬಂತು. ಬೆಳಿಗ್ಗೆ ಬೇವುಬೆಲ್ಲ, ಮಧ್ಯಾಹ್ನ ಹೋಳಿಗೆ. ಎಷ್ಟು ತಿಂದೆ ಎಂಬ ಲೆಕ್ಕ ನೋಟ್‌ಬುಕ್ಕಿನಲ್ಲಿಲ್ಲ. ಆದರೆ ಸಂಶೋಧಕನಿಗೆ ಹಬ್ಬವೆಲ್ಲಿ? ಎರಡರಿಂದ ಐದರವರೆಗೆ ನನ್ನ ಪಾಳಿ. ಬೀಗ ತೆಗೆಸಿ, ಸ್ಟೂಲು ಎಳೆದು, ಕಿಟಕಿಯ ಪಕ್ಕದ ಗೋಡೆಗೆ ಒರಗಿ ಕೂತೆ. ತಂಪಾದ ಗೋಡೆ. ಹೊಟ್ಟೆಯಲ್ಲಿ ತುಪ್ಪ. ಕಿವಿಯಲ್ಲಿ ಸಣ್ಣ ಗುಂಯ್. ಭ್ರಮರದ ಝೇಂಕಾರ ಕೇಳಿ ಕೀಟಕ್ಕೆ ಏನಾಗುತ್ತದೋ ಗೊತ್ತಿಲ್ಲ, ನನಗೆ ಏನಾಯಿತೆಂದು ಗೊತ್ತು.

ಎಚ್ಚರವಾದದ್ದು ಅಟೆಂಡರ್ ಸೈಕಲ್ಲಿನ ಸ್ಟ್ಯಾಂಡು ಬಡಿದ ಸದ್ದಿಗೆ. ಐದಕ್ಕೆ ಆರು ನಿಮಿಷ. ಹದಿನೆಂಟು ಸಾಲು ಖಾಲಿ. ಆಗ ಕೈ ತನ್ನ ಚಳಕ ನೆನೆಸಿಕೊಂಡಿತು. 8.4, 8.4, 8.4. ನೀಲಿ ಕೂತಿದ್ದಾಳೆ, ಕೆಂಪು ಜಗಳವಾಡಿದ್ದಾಳೆ, ರಾಜ್ಯೋತ್ಸವ ಮೂರು ಸಲ ಹೊರಗೆ ಹೋಗಿ ಬಂದಿದ್ದಾಳೆ, ಒಮ್ಮೆ ನೀರು ತಂದಿದ್ದಾಳೆ. ಅಲ್ಲಲ್ಲಿ ಒಂದೆರಡು ಚಿತ್ತು ಕೂಡ ಹಾಕಿದೆ, ಸಹಜವಾಗಿರಲಿ ಎಂದು. ನಾಲ್ಕು ನಿಮಿಷದಲ್ಲಿ ಮೂರು ಗಂಟೆಯ ವೀಕ್ಷಣೆ. ವಿಜ್ಞಾನ ಇಷ್ಟು ವೇಗವಾಗಿ ಎಂದೂ ಮುಂದುವರಿದಿರಲಾರದು.

ಮರುದಿನ ಮೇಷ್ಟ್ರು ಪುಟವನ್ನು ನಿಧಾನವಾಗಿ ಓದಿದರು. “ಹಬ್ಬದ ದಿನಾನೂ ಒಳ್ಳೆ ಚಟುವಟಿಕೆ ಕಣಯ್ಯ,” ಅಂದರು. ಆಮೇಲೆ ಮೇಜಿನ ಡ್ರಾಯರಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ನನ್ನ ಮುಂದಿಟ್ಟರು. ಒಳಗೆ ಹತ್ತಿಯ ಮೇಲೆ, ಕಾಲು ಮಡಿಸಿಕೊಂಡು, ಹಳದಿ ಕೆಂಪು ಚುಕ್ಕೆಯ ರಾಜ್ಯೋತ್ಸವ.

“ಮೊನ್ನೆ ಸಾಯಂಕಾಲ ಕಿಟಕಿ ಕೆಳಗೆ ಬಿದ್ದಿದ್ದರು,” ಅಂದರು. ಸತ್ತವರ ವಿಷಯ ಮಾತಾಡುವಾಗ ಬಹುವಚನ. “ನಿನ್ನೆ ಮೂರು ಸಲ ಹೊರಗೆ ಹೋಗಿ ಬಂದಿದ್ದಾರೆ ಅಂತೀಯ. ನೀರೂ ತಂದಿದ್ದಾರೆ.”

ಭೂಮಿ ಬಾಯಿಬಿಡಲಿಲ್ಲ. ಅದು ಸೀತೆಯಂಥವರಿಗೆ ಮಾತ್ರ. ನಾನು ನಿಂತೇ ಇದ್ದೆ. ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಸಂಜೆಗೆ ಮರೆತುಹೋಗುತ್ತಿತ್ತು. ಹಾಳೆ ಹರಿಯಲು ಹೋದೆ, ಕೈ ಹಿಡಿದರು. ಹದಿನೆಂಟು ಸಾಲಿನ ಮೇಲೂ, ಕೆಳಗಿನ ಅಕ್ಷರ ಓದಲು ಬರುವ ಹಾಗೆ, ಒಂದೇ ಗೀಟು ಎಳೆಸಿದರು. ಪಕ್ಕದಲ್ಲಿ ಬರೆಸಿದರು: ‘ಎರಡರಿಂದ ಐದು. ಅಬ್ಸರ್ವರ್ ಅಸ್ಲೀಪ್. ನೋ ಡೇಟಾ.’ ಕೆಳಗೆ ನನ್ನ ಸಹಿ, ತಾರೀಖು.

“ಕಣ್ಣು ಮುಚ್ಕೊಂಡು ಮಾಡಿದ ಕೆಲಸ,” ಅಂದರು ಮೇಷ್ಟ್ರು, “ಈ ಸಾಲನ್ನ ಮಾತ್ರ ಕಣ್ಣು ಮುಚ್ಕೊಂಡು ನಂಬಬಹುದು.” ಆಮೇಲೆ ಬಾಳೆಹಣ್ಣು ಕೊಟ್ಟರು. ಅವತ್ತು ಅದು ಗಂಟಲಲ್ಲಿ ಇಳಿಯಲಿಲ್ಲ.

ನಮ್ಮ ಸಂಶೋಧನೆ ಮಳೆಗಾಲದ ಮೊದಲ ತಿಂಗಳವರೆಗೂ ನಡೆಯಿತು. ಕಾಲೇಜಿನ ವಿಜ್ಞಾನ ಸಂಘದಲ್ಲಿ ಒಂದು ಶನಿವಾರ ಇಪ್ಪತ್ತು ನಿಮಿಷ ಮಾತಾಡಿದೆ. ನಾನು ಕಂಡುಹಿಡಿದ ಮುಖ್ಯ ವಿಷಯ, ಜೋರು ಮಳೆ ಬಂದರೆ ಕಣಜಗಳು ಹೊರಗೆ ಹೋಗುವುದಿಲ್ಲ. ಕೊನೆಯ ಸಾಲಿನಲ್ಲಿ ಕೂತಿದ್ದ ಅಪ್ಪ “ನಾನೂ ಹೋಗಲ್ಲ” ಎಂದದ್ದು ವೇದಿಕೆಯವರೆಗೂ ಕೇಳಿಸಿತು. ಅದಾದ ಮೇಲೆ ಡಿಗ್ರಿ, ಬ್ಯಾಂಕಿನ ಪರೀಕ್ಷೆ, ಕೌಂಟರು, ಲೆಡ್ಜರು. ಬ್ಯಾಂಕಿನಲ್ಲಿ ಹದಿನೇಳು ರೂಪಾಯಿ ತಾಳೆಯಾಗದೆ ರಾತ್ರಿ ಒಂಬತ್ತಾದಾಗ, ಪಕ್ಕದವರು “ಎಲ್ಲಾದರೂ ಅಡ್ಜಸ್ಟ್ ಮಾಡಿ ಸಾರ್, ಮನೆಗೆ ಹೋಗೋಣ” ಎನ್ನುತ್ತಿದ್ದರು. ನನ್ನ ಕಣ್ಣ ಮುಂದೆ ಬೆಂಕಿಪೊಟ್ಟಣ ಬರುತ್ತಿತ್ತು. ನನ್ನಿಂದಾಗಿ ಎಷ್ಟೋ ಜನಕ್ಕೆ ಕೊನೆಯ ಬಸ್ಸು ತಪ್ಪಿದೆ.

ಹುಡುಗಿಗೆ ಇದೆಲ್ಲ ಹೇಳಿದೆ. ಅಷ್ಟರಲ್ಲಿ ಹುರುಳಿಕಾಯಿಯ ನಾರನ್ನು ಬೋಗುಣಿಗೂ ಕಾಯನ್ನು ಕಸಕ್ಕೂ ಹಾಕಿದ್ದೆ ಎಂಬುದು ಆಮೇಲೆ ಒಳಗಿನಿಂದ ಬಂದ ವರದಿ. “ಅಂಕಲ್, ಇದನ್ನೆಲ್ಲ ಅರ್ಜಿಯಲ್ಲಿ ಬರೆಯಕ್ಕಾಗಲ್ವಲ್ಲ,” ಅಂದಳು, ನಿರಾಸೆಯಿಂದ.

ಅವರ ಮನೆಯ ಬಾಲ್ಕನಿಯ ಮೂಲೆಯಲ್ಲಿ ಒಂದು ಗೂಡಿದೆ. ಅವರಮ್ಮ ಪೊರಕೆ ಹಿಡಿದು ಮುಹೂರ್ತ ನೋಡುತ್ತಿದ್ದಾರೆ. ಒಂದು ವಾರ ಪೊರಕೆಗೆ ತಡೆಯಾಜ್ಞೆ ತಂದು ದಿನಾ ಸಂಜೆ ಅರ್ಧ ಗಂಟೆ ನೋಡಿ ಬರಿ, ದೂರದಿಂದ, ಬಣ್ಣ ಹಚ್ಚುವ ಸಾಹಸ ಬೇಡ, ಅರ್ಜಿಯ ಪುಟ ಆಮೇಲೆ ಬರೆಯೋಣ ಅಂದೆ. ಒಪ್ಪಿದಳೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಹೋಗುವಾಗ ಕರಿಬೇವು ಕಿತ್ತುಕೊಂಡು ಹೋದಳು.

ನಿನ್ನೆ ಬಂದಿದ್ದಳು. ನಾಲ್ಕು ಹಾಳೆ. ಅಕ್ಷರ ಕಾಗೆಕಾಲು ಗುಬ್ಬಿಕಾಲು. ಕನ್ನಡಕ ಏರಿಸಿ, ನಮ್ಮ ಮೇಷ್ಟ್ರ ಗತ್ತಿನಲ್ಲಿ, ಒಂದೊಂದೇ ಸಾಲು ಓದಿದೆ. ಸೋಮವಾರ ಒಂದು ಕಣಜ ಹಸಿರು ಹುಳು ತಂದಿದೆ. ಮಂಗಳವಾರ ಎರಡು ಮುಖಕ್ಕೆ ಮುಖ ಕೊಟ್ಟು ಏನೋ ಹಂಚಿಕೊಂಡಿವೆ. ಬುಧವಾರದ ಪುಟದ ನಡುವೆ ಹೀಗಿತ್ತು: ‘5.40ರಿಂದ 5.55: ಅಮ್ಮ ಕಾಫಿಗೆ ಕರೆದಳು. ಆಮೇಲೆ ಫೋನ್ ಬಂತು. ನೋಡಿಲ್ಲ.’

ಇಂಥದ್ದು ಬರೆಯಬೇಕೆಂದು ನಾನೇನೂ ಅವಳಿಗೆ ಹೇಳಿರಲಿಲ್ಲ. ಕತೆ ಹೇಳಿದ್ದೆ, ಅಷ್ಟೇ. ಹಾಳೆ ವಾಪಸು ಕೊಟ್ಟು, ಒಳಗೆ ಹೋಗಿ ಬಾಳೆಹಣ್ಣು ತಂದೆ.

“ಬೇಡ ಅಂಕಲ್, ಈಗ್ತಾನೆ ಊಟ ಆಯ್ತು,” ಅಂದಳು.

“ತಗೋ,” ಅಂದೆ. “ಇದಕ್ಕೆ ಮಾರ್ಕ್ಸ್ ಇಲ್ಲ.”